ರಾಗಿಯ ಕ್ಯಾಲ್ಸಿಯಂ: ಎರಡು ಕೋಷ್ಟಕಗಳ ನಡುವಣ ಅಂತರ ಕುರಿತು ಒಂದು ಟಿಪ್ಪಣಿ

1. ಪ್ರಶ್ನೆ

ನೂರು ಗ್ರಾಂ ರಾಗಿಯಲ್ಲಿ ಕ್ಯಾಲ್ಸಿಯಂ ಎಷ್ಟು ಎಂಬುದಕ್ಕೆ ಎರಡು ಅಂಕಿಗಳು ಬಳಕೆಯಲ್ಲಿವೆ: 344 ಮಿ.ಗ್ರಾಂ ಮತ್ತು 364 ಮಿ.ಗ್ರಾಂ. ಎರಡರ ಮೂಲವೂ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯೇ. ಈ ಅಂತರ ಕಾಳಿನದೋ, ಅಳತೆಯದೋ ಎಂಬುದಷ್ಟೇ ಇಲ್ಲಿನ ವಿಚಾರ. ರಾಗಿಯ ಗುಣಗಾನ ಈ ಟಿಪ್ಪಣಿಯ ಉದ್ದೇಶವಲ್ಲ.

2. ಆಕರಗಳು

ಭಾರತೀಯ ಆಹಾರಗಳ ಪೋಷಕಾಂಶ ಕೋಷ್ಟಕದ ಪರಂಪರೆ ಕೂನೂರಿನ ಪ್ರಯೋಗಾಲಯದಿಂದ ಹೊರಟದ್ದು. ಡಬ್ಲ್ಯೂ. ಆರ್. ಐಕ್ರಾಯ್ಡ್ ಅವರ ಹೆಲ್ತ್ ಬುಲೆಟಿನ್ ಸಂಖ್ಯೆ 23 ಪ್ರಕಟವಾದದ್ದು 1937ರಲ್ಲಿ. ಪ್ರಯೋಗಾಲಯ 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡಿತು. ಸಿ. ಗೋಪಾಲನ್ ಮತ್ತು ಸಂಗಡಿಗರ ‘ನ್ಯೂಟ್ರಿಟಿವ್ ವ್ಯಾಲ್ಯೂ ಆಫ್ ಇಂಡಿಯನ್ ಫುಡ್ಸ್’ 1971ರಲ್ಲಿ ಬಂದು, 1989ರಲ್ಲಿ ಪರಿಷ್ಕೃತವಾಯಿತು. 344 ಎಂಬುದು ಈ ಪರಿಷ್ಕೃತ ಆವೃತ್ತಿಯ ಅಂಕಿ (ಮುಂದೆ ‘ಹಳೆಯ ಕೋಷ್ಟಕ’). 364 ಎಂಬುದು ಟಿ. ಲಾಂಗ್ವಾ ಮತ್ತು ಸಂಗಡಿಗರ ‘ಇಂಡಿಯನ್ ಫುಡ್ ಕಾಂಪೊಸಿಷನ್ ಟೇಬಲ್ಸ್ 2017’ರದು (ಮುಂದೆ ‘ಹೊಸ ಕೋಷ್ಟಕ’). ಹೊಸದರಲ್ಲಿ ದೇಶವನ್ನು ಆರು ವಲಯಗಳಾಗಿ ವಿಂಗಡಿಸಿ, 528 ಆಹಾರಗಳ ಮಾದರಿಗಳನ್ನು ಸಂಗ್ರಹಿಸಿ ವಿಶ್ಲೇಷಿಸಲಾಗಿದೆ. ಸರಾಸರಿಯ ಜೊತೆಗೆ ಮಾನಕ ವಿಚಲನೆಯನ್ನೂ ಕೊಟ್ಟಿರುವುದು ಅದರ ದೊಡ್ಡ ಅನುಕೂಲ.

3. ತೇವಾಂಶದ ತಿದ್ದುಪಡಿ

ಹಳೆಯ ಕೋಷ್ಟಕದ ರಾಗಿಯ ತೇವಾಂಶ 13.1 ಗ್ರಾಂ, ಹೊಸದರದು 10.89 ಗ್ರಾಂ. ಒಣಗಿದ ಕಾಳಿನ ನೂರು ಗ್ರಾಂನಲ್ಲಿ ಎಲ್ಲ ಅಂಶಗಳೂ ತುಸು ಹೆಚ್ಚಾಗಿಯೇ ಕಾಣಬೇಕು. ಒಣತೂಕಕ್ಕೆ ಪರಿವರ್ತಿಸಿದರೆ ಕ್ಯಾಲ್ಸಿಯಂ ಕ್ರಮವಾಗಿ 395.9 ಮತ್ತು 408.5 ಮಿ.ಗ್ರಾಂ ಆಗುತ್ತದೆ. ಎಂದರೆ 20 ಮಿ.ಗ್ರಾಂ ಅಂತರ 12.6ಕ್ಕೆ ಇಳಿಯುತ್ತದೆ, ಶೇ. 5.8ರಷ್ಟಿದ್ದ ವ್ಯತ್ಯಾಸ ಶೇ. 3.2 ಆಗುತ್ತದೆ.

ಹೊಸ ಕೋಷ್ಟಕದಲ್ಲಿ ಕ್ಯಾಲ್ಸಿಯಂನ ಮಾನಕ ವಿಚಲನೆ 58 ಮಿ.ಗ್ರಾಂ. ತಿದ್ದುಪಡಿಗೆ ಮುಂಚಿನ ಅಂತರವೂ ಇದರ ಸುಮಾರು ಮೂರನೆಯ ಒಂದು ಭಾಗ ಮಾತ್ರ. ಹೀಗಾಗಿ ಎರಡು ಕೋಷ್ಟಕಗಳ ನಡುವೆ ರಾಗಿಯ ಕ್ಯಾಲ್ಸಿಯಂ ಹೆಚ್ಚಿದೆ ಎನ್ನಲು ಈ ಅಂಕಿಗಳು ಸಾಲವು. ತಳಿ ಮತ್ತು ಮಣ್ಣಿನ ವ್ಯತ್ಯಾಸ ಈ ಹರವಿಗೆ ಕಾರಣವಿರಬಹುದು. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಭಾರತೀಯ ಮತ್ತು ಆಫ್ರಿಕನ್ ರಾಗಿಯನ್ನು ಸಂಕರಿಸಿ ರೂಪಿಸಿದ ಇಂಡಾಫ್ ತಳಿಗಳೂ ನಾಟಿ ರಾಗಿಯೂ ಕೋಷ್ಟಕದಲ್ಲಿ ಒಂದೇ ಹೆಸರಿನಡಿ ಬರುತ್ತವೆ.

4. ಕಬ್ಬಿಣ

ಇಲ್ಲಿ ಸ್ಥಿತಿ ಬೇರೆ. ಹಳೆಯ ಅಂಕಿ 3.9, ಹೊಸದು 4.62 ಮಿ.ಗ್ರಾಂ. ಒಣತೂಕದಲ್ಲಿ 4.49 ಮತ್ತು 5.18. ತೇವಾಂಶ ಸರಿಪಡಿಸಿದ ಮೇಲೂ ಶೇ. 15ಕ್ಕೂ ಮಿಕ್ಕ ಅಂತರ ಉಳಿಯುತ್ತದೆ. ಕಣದ ಮಣ್ಣು ಮತ್ತು ಬೀಸುವ ಯಂತ್ರದ ಲೋಹ ಕಬ್ಬಿಣದ ಅಂಕಿಯನ್ನು ಏರಿಸಬಲ್ಲವು ಎಂಬುದು ಧಾನ್ಯ ವಿಶ್ಲೇಷಣೆಯಲ್ಲಿ ತಿಳಿದ ಸಂಗತಿ. ಈ ಪ್ರಕರಣಕ್ಕೆ ಅದನ್ನು ಕಾರಣವೆಂದು ಹೆಸರಿಸುವುದು ಆತುರವಾದೀತು.

5. ನಾರು ಮೂರು ಪಟ್ಟಾಯಿತೇ?

ಅತಿ ಹೆಚ್ಚು ತಪ್ಪು ಓದಿಗೆ ಎಡೆಯಾಗಬಲ್ಲ ಜಾಗ ಇದು. ಹಳೆಯ ಕೋಷ್ಟಕದಲ್ಲಿ ನಾರು 3.6 ಗ್ರಾಂ, ಹೊಸದರಲ್ಲಿ 11.18. ಮೊದಲನೆಯದು ಕಚ್ಚಾ ನಾರು: ಆಮ್ಲ, ಕ್ಷಾರಗಳಲ್ಲಿ ಕುದಿಸಿದ ಮೇಲೆ ಉಳಿಯುವ ಭಾಗ. ಹೆಮಿಸೆಲ್ಯುಲೋಸಿನ ಬಹುಪಾಲು ಈ ಕುದಿತದಲ್ಲೇ ಕಳೆದುಹೋಗುತ್ತದೆ. ಎರಡನೆಯದು ಕಿಣ್ವಗಳಿಂದ ಪಿಷ್ಟ, ಪ್ರೋಟೀನುಗಳನ್ನು ತೆಗೆದು ಅಳೆದ ಒಟ್ಟು ನಾರು. ಇವೆರಡನ್ನು ಒಂದೇ ಸಾಲಿನಲ್ಲಿಟ್ಟು ಹೋಲಿಸುವಂತಿಲ್ಲ.

ಇದರ ಪರಿಣಾಮ ಕಾರ್ಬೋಹೈಡ್ರೇಟಿನ ಮೇಲೂ ಆಗಿದೆ. ಹಳೆಯ ಕೋಷ್ಟಕದ ತೇವಾಂಶ 13.1, ಪ್ರೋಟೀನ್ 7.3, ಕೊಬ್ಬು 1.3, ಖನಿಜ 2.7, ನಾರು 3.6 — ಇವನ್ನು ಕೂಡಿ ನೂರರಿಂದ ಕಳೆದರೆ 72.0 ಬರುತ್ತದೆ; ಕೋಷ್ಟಕದಲ್ಲಿರುವುದೂ ಅದೇ. ಹೊಸದರ 10.89, 7.16, 1.92, 2.04, 11.18 ಕಳೆದರೆ 66.81, ಅಚ್ಚಾಗಿರುವುದು 66.82. ಅಂದರೆ ಎರಡರಲ್ಲೂ ಕಾರ್ಬೋಹೈಡ್ರೇಟ್ ನೇರವಾಗಿ ಅಳೆದದ್ದಲ್ಲ, ಕಳೆದು ಪಡೆದದ್ದು ಎಂದು ತೋರುತ್ತದೆ. ‘ಈಗಿನ ರಾಗಿಯಲ್ಲಿ ಕಾರ್ಬೋಹೈಡ್ರೇಟ್ ಕಡಿಮೆ’ ಎಂಬ ತೀರ್ಮಾನಕ್ಕೆ ಇಲ್ಲಿ ಆಧಾರವಿಲ್ಲ.

6. ಶೇಕಡಾವಾರು ಲೆಕ್ಕ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ವಯಸ್ಕರಿಗೆ ಶಿಫಾರಸು ಮಾಡಿದ ದಿನದ ಕ್ಯಾಲ್ಸಿಯಂ 2010ರಲ್ಲಿ 600 ಮಿ.ಗ್ರಾಂ ಇತ್ತು, 2020ರಲ್ಲಿ 1000 ಆಯಿತು. ನೂರು ಗ್ರಾಂ ರಾಗಿ ಹಳೆಯ ಅಂಕಿಗಳ ಪ್ರಕಾರ ದಿನದ ಅಗತ್ಯದ ಶೇ. 57ನ್ನು ಪೂರೈಸುತ್ತಿದ್ದರೆ, ಹೊಸ ಅಂಕಿಗಳ ಪ್ರಕಾರ ಶೇ. 36ನ್ನು. ಕಾಳಿನ ಅಂಕಿ ಮೇಲೇರಿಯೂ ಶೇಕಡಾ ಪ್ರಮಾಣ ಕೆಳಗಿಳಿದಿರುವುದು ಗಮನಾರ್ಹ.

7. ಹಿಟ್ಟಿನಿಂದ ತಟ್ಟೆಗೆ

‘ಹಾಲಿನ ಮೂರು ಪಟ್ಟು ಕ್ಯಾಲ್ಸಿಯಂ’ ಎಂಬ ಮಾತು ಅಂಕಿಯಲ್ಲಿ ಸರಿ: ಹೊಸ ಕೋಷ್ಟಕದಲ್ಲಿ ಹಸುವಿನ ಹಾಲು 118, ರಾಗಿ 364. ಆದರೆ ಹೋಲಿಕೆ ಒಣ ಕಾಳಿಗೂ ಬಹುಪಾಲು ನೀರೇ ಆದ ಹಾಲಿಗೂ. ನೂರು ಗ್ರಾಂ ಹಿಟ್ಟಿಗೆ ಎಸರು ಸೇರಿ 300 ಗ್ರಾಂ ಮುದ್ದೆ ಆಗುತ್ತದೆಂದು ಊಹಿಸಿಕೊಂಡರೆ (ಊಹೆ ಮಾತ್ರ, ಮುದ್ದೆಯ ಗಟ್ಟಿತನ ಮನೆಯಿಂದ ಮನೆಗೆ ಬೇರೆ) ನೂರು ಗ್ರಾಂ ಮುದ್ದೆಯಲ್ಲಿ 121 ಮಿ.ಗ್ರಾಂ ಇರುತ್ತದೆ. ಹಾಲಿಗೂ ಇದಕ್ಕೂ ಹೆಚ್ಚು ಕಡಿಮೆ ಸರಿಸಮ. ರಾಗಿಯಲ್ಲಿರುವ ಫೈಟೇಟ್, ಟ್ಯಾನಿನ್‌ಗಳು ಖನಿಜಗಳ ಹೀರಿಕೆಯನ್ನು ತಗ್ಗಿಸುತ್ತವೆ ಎಂಬುದನ್ನೂ ಸೇರಿಸಿಕೊಳ್ಳಬೇಕು.

ಕೂಸಿನ ರಾಗಿ ಸರಿಯ ವಿಷಯದಲ್ಲಿ ಲೆಕ್ಕ ಇನ್ನಷ್ಟು ಬಿಗಡಾಯಿಸುತ್ತದೆ. ರಾಗಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಬೀಸಿ, ತೆಳು ಬಟ್ಟೆಯಲ್ಲಿ ವಸ್ತ್ರಗಾಳಿತ ಮಾಡುತ್ತಾರೆ. ಮೊಳಕೆಯಿಂದ ಫೈಟೇಟ್ ಕಡಿಮೆಯಾಗುವುದು ಲಾಭ. ಆದರೆ ಬಟ್ಟೆಯ ಮೇಲುಳಿಯುವ ಕೆಂಗಂದು ತರಿಯಲ್ಲಿ ಹೆಚ್ಚಾಗಿ ಇರುವುದು ಕಾಳಿನ ಹೊರಸಿಪ್ಪೆ, ಮತ್ತು ರಾಗಿಯ ಕ್ಯಾಲ್ಸಿಯಂ ಹೆಚ್ಚು ಸಾಂದ್ರವಾಗಿರುವುದು ಆ ಸಿಪ್ಪೆಯಲ್ಲೇ. ಟ್ಯಾನಿನ್ ಇರುವುದೂ ಅಲ್ಲೇ ಆದ್ದರಿಂದ ಒಟ್ಟು ಫಲ ನಷ್ಟವೋ ಲಾಭವೋ ಎಂದು ಕೋಷ್ಟಕ ನೋಡಿ ಹೇಳಲಾಗದು. ಇಡೀ ಕಾಳಿನ 364ನ್ನು ಈ ಬಿಳಿ ಹಿಟ್ಟಿಗೆ ಅನ್ವಯಿಸುವುದಂತೂ ತಪ್ಪು.

8. ವಿನಂತಿ

ರಾಗಿಯ ಅಂಕಿಗಳನ್ನು ಉಲ್ಲೇಖಿಸುವವರು ಕೋಷ್ಟಕದ ವರ್ಷ, ತೇವಾಂಶ, ನಾರನ್ನು ಅಳೆದ ವಿಧಾನ, ಹಾಗೂ ಅಂಕಿ ಇಡೀ ಕಾಳಿನದೋ ಜರಡಿ ಹಿಡಿದ ಹಿಟ್ಟಿನದೋ ಎಂಬುದನ್ನು ಜೊತೆಯಲ್ಲೇ ನಮೂದಿಸಬೇಕಾಗಿ ಕೋರಿಕೆ.