‘ಶಿರಾಜ್’: ಸುಳ್ಳು ಕಥೆಯೊಳಗಿನ ನಿಜ



1928ರ ‘ಶಿರಾಜ್’ ಎಂಬ ಮೂಕಿಚಿತ್ರವನ್ನು ಇಂದು ನೋಡುವ ನಮಗೆ ಮೊದಲು ಬರುವುದು ನಗು, ಅನಂತರ ಕೊಂಚ ಅಸಹನೆ. ತಾಜಮಹಲು ಹುಟ್ಟಿದ ಕಥೆ ಇದೆನ್ನುತ್ತದೆ ಚಿತ್ರ. ಇದರಲ್ಲಿ ಮುಮ್ತಾಜಳು ಕುಂಬಾರನ ಮನೆಯಲ್ಲಿ ಬೆಳೆದು, ಗುಲಾಮಳಾಗಿ ಮಾರಾಟವಾಗಿ, ರಾಜಕುಮಾರ ಖುರ್ರಮನ ಅರಮನೆ ಸೇರುತ್ತಾಳೆ. ಅವಳನ್ನು ಮರೆಯಲಾರದ ಕುಂಬಾರನ ಮಗ ಶಿರಾಜನು ಮುಪ್ಪಿನಲ್ಲಿ, ಕಣ್ಣಿಲ್ಲದವನಾಗಿಯೂ, ಅವಳ ಸಮಾಧಿಯ ರೂಪವನ್ನು ಕಲ್ಪಿಸುತ್ತಾನೆ.

ಇತಿಹಾಸವು ಇದನ್ನು ಒಪ್ಪದು. ಅರ್ಜುಮಂದ್ ಬಾನು ಎಂಬ ಮುಮ್ತಾಜಳು ಆಸಫ್ ಖಾನನ ಮಗಳು. ನೂರ್ ಜಹಾನಳು ಆಕೆಗೆ ಸೋದರತ್ತೆ. 1631ರಲ್ಲಿ ಬುರ್ಹಾನ್‌ಪುರದಲ್ಲಿ ಹೆರಿಗೆಯ ವೇಳೆ ತೀರಿಕೊಂಡಳು. ಸಮಾಧಿಯ ಪ್ರಧಾನ ವಾಸ್ತುಶಿಲ್ಪಿ ಉಸ್ತಾದ್ ಅಹ್ಮದ್ ಲಾಹೋರಿ ಎಂಬುದು ಆತನ ಮಗನ ಪದ್ಯಗಳಿಂದ ತಿಳಿದುಬರುತ್ತದೆ. ಆತನ ಕೈಕೆಳಗೆ ದುಡಿದವರು ಸಾವಿರಾರು ಮಂದಿ.

ಆದರೂ ಜನಮನಕ್ಕೆ ಸಾವಿರ ಕೈಗಳಿಗಿಂತ ಒಂದು ನೊಂದ ಹೃದಯವೇ ಹತ್ತಿರ. ನಾವು ಕನ್ನಡಿಗರೂ ಇದಕ್ಕೆ ಹೊರತಲ್ಲ. ಬೇಲೂರೆಂದರೆ ನಮಗೆ ನೆನಪಾಗುವವನು ಬಲಗೈ ಕಡಿದುಕೊಂಡ ಜಕಣಾಚಾರಿ. ಆದರೆ 1117ರಲ್ಲಿ ಪ್ರತಿಷ್ಠೆಗೊಂಡ ಆ ದೇವಾಲಯದ ಮದನಿಕೆಯರ ಪಾದದಡಿ ಕೆತ್ತಿರುವ ಹೆಸರುಗಳು ಬೇರೆ: ಬಳ್ಳಿಗಾವೆಯ ದಾಸೋಜ, ಆತನ ಮಗ ಚಾವಣ, ಇನ್ನೂ ಹಲವರು. ಐತಿಹ್ಯವನ್ನು ಮೆಚ್ಚುವ ಭರದಲ್ಲಿ ನಾವು ಅವರ ಸಹಿಯನ್ನೇ ಓದದೆ ಹೋದೆವು.

ಹಾಗಾದರೆ ‘ಶಿರಾಜ್’ ಚಿತ್ರವನ್ನು ತಳ್ಳಿಹಾಕಬೇಕೇ? ಬೇಡ. ಜರ್ಮನಿಯ ಫ್ರಾಂಜ್ ಆಸ್ಟೆನ್ ನಿರ್ದೇಶಿಸಿ, ಹಿಮಾಂಶು ರಾಯ್ ತಾವೇ ಶಿರಾಜನಾಗಿ ನಟಿಸಿದ ಈ ಚಿತ್ರವನ್ನು ಸ್ಟುಡಿಯೋ ಗೋಡೆಗಳ ಹಂಗಿಲ್ಲದೆ ಭಾರತದ ಬಿಸಿಲಿನಲ್ಲೇ ತೆಗೆಯಲಾಯಿತು. ಲಂಡನ್ನಿನ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ 2017ರಲ್ಲಿ ಅದನ್ನು ಪುನರುದ್ಧರಿಸಿತು. ಅನುಷ್ಕಾ ಶಂಕರ್ ಹೊಸ ಸಂಗೀತ ನೀಡಿದರು. ತೊಳೆದಿಟ್ಟಂತಿರುವ ಆ ಬಿಂಬಗಳಲ್ಲಿ ಖುರ್ರಮನ ಕಾಲ ಕಾಣಿಸದಿರಬಹುದು. 1928 ಮಾತ್ರ ನಿಚ್ಚಳವಾಗಿ ಕಾಣುತ್ತದೆ. ಮರಳಿನಲ್ಲಿ ನಡೆಯುವ ಒಂಟೆಗಳು ನಿಜ. ಶಿರಾಜನನ್ನು ತುಳಿಯಲು ಕಾಲೆತ್ತುವ ಆನೆ ನಿಜ. ಗುಂಪಿನಲ್ಲಿ ನಿಂತು ಕ್ಯಾಮೆರಾದತ್ತ ಕಣ್ಣು ಹಾಯಿಸುವ ಮುಖಗಳೂ ನಿಜ.

ಅಂದು ಮೂಕಿಚಿತ್ರಗಳನ್ನು ಕಾಪಾಡುವ ಪರಿಪಾಠವಿರಲಿಲ್ಲ. ನಮ್ಮ ದೇಶದ ಮೂಕಿಚಿತ್ರಗಳಲ್ಲಿ ಬಹುಪಾಲು ಅಳಿದುಹೋಗಿವೆ. ಉಳಿದ ಈ ಒಂದರಲ್ಲಿ ಕಥಾನಾಯಕನಿಗಿಂತ ಆ ಹೆಸರಿಲ್ಲದ ಗುಂಪನ್ನೇ ನಾವು ಹೆಚ್ಚು ಹೊತ್ತು ನೋಡೋಣ. ದಾಸೋಜನಿಗಾದರೂ ಕಲ್ಲಿನಲ್ಲಿ ಹೆಸರುಳಿಯಿತು. ಇವರಿಗೆ ಉಳಿದಿರುವುದು ಮುಖವೊಂದೇ.