ಅಪಾಯಕಾರಿ ನಾಯಿ ತಳಿಗಳ ಸುತ್ತೋಲೆ (೨೦೨೪)

ಅಪಾಯಕಾರಿ ನಾಯಿ ತಳಿಗಳ ಸುತ್ತೋಲೆಯು ಕೇಂದ್ರ ಸರ್ಕಾರದ ಪಶುಸಂಗೋಪನೆ ಮತ್ತು ಹೈನುಗಾರಿಕೆ ಇಲಾಖೆಯು ೨೦೨೪ರ ಮಾರ್ಚ್ ೧೨ರಂದು ರಾಜ್ಯಗಳಿಗೆ ಕಳುಹಿಸಿದ ಪತ್ರ. ಪಿಟ್‌ಬುಲ್, ರಾಟ್‌ವೀಲರ್, ಟೋಸಾ ಇನು ಮೊದಲಾದ ೨೩ ತಳಿಗಳ ಹಾಗೂ ಅವುಗಳ ಮಿಶ್ರತಳಿಗಳ ಮಾರಾಟಕ್ಕೂ ಸಾಕಣೆಗೂ ಪರವಾನಗಿ ನೀಡಬಾರದೆಂದೂ, ಈಗಾಗಲೇ ಮನೆಗಳಲ್ಲಿರುವ ಇಂಥ ನಾಯಿಗಳಿಗೆ ಸಂತಾನಹರಣ ಚಿಕಿತ್ಸೆ ಮಾಡಿಸಬೇಕೆಂದೂ ಅದು ಸೂಚಿಸಿತು. ಮುಧೋಳ ನಾಯಿ ಪಟ್ಟಿಯಲ್ಲಿರಲಿಲ್ಲ.

ಕರ್ನಾಟಕದಲ್ಲಿ ನಾಯಿ ಸಾಕುವವರು ಇದನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿದರು. ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಮೊದಲು ತಡೆಯಾಜ್ಞೆ ನೀಡಿ, ಏಪ್ರಿಲ್ ೧೦ರಂದು ಸುತ್ತೋಲೆಯನ್ನು ರದ್ದುಪಡಿಸಿದರು. ಸಂಬಂಧಪಟ್ಟವರ ಅಹವಾಲನ್ನು ಕೇಳದೆ ಅದನ್ನು ಹೊರಡಿಸಿದ್ದೇ ಮುಖ್ಯ ಕಾರಣ. ಆ ತಳಿಗಳೆಲ್ಲ ನಿರಪಾಯಕಾರಿ ಎಂದು ತೀರ್ಪು ಸಾರಿತೆಂಬ ತಿಳಿವಳಿಕೆ ಸರಿಯಲ್ಲ. ಎಲ್ಲರ ಮಾತು ಕೇಳಿ ಹೊಸ ಆದೇಶ ಹೊರಡಿಸಲು ಸರ್ಕಾರಕ್ಕೆ ಅವಕಾಶ ಉಳಿಯಿತು.

ಮಾಲೀಕರ ಹೊಣೆಯೂ ತಪ್ಪಲಿಲ್ಲ. ತನ್ನ ವಶದಲ್ಲಿರುವ ಪ್ರಾಣಿಯಿಂದ ಜೀವಾಪಾಯವಾಗಲಿ ತೀವ್ರ ಗಾಯವಾಗಲಿ ಸಂಭವಿಸದಂತೆ ಎಚ್ಚರ ವಹಿಸದಿರುವುದು ಭಾರತ ದಂಡ ಸಂಹಿತೆಯ ೨೮೯ನೆಯ ಕಲಮಿನಂತೆ ಅಪರಾಧವಾಗಿತ್ತು. ೨೦೨೪ರ ಜುಲೈ ೧ರಿಂದ ಅದರ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆಯ ೨೯೧ನೆಯ ಕಲಮು ಇದೆ: ಆರು ತಿಂಗಳವರೆಗೆ ಸೆರೆವಾಸ, ಇಲ್ಲವೆ ೫,೦೦೦ ರೂಪಾಯಿವರೆಗೆ ದಂಡ, ಅಥವಾ ಎರಡೂ. ಹಲಸಂಗಿಯಂಥ ಊರಿನಲ್ಲಿ ತೋಟ ಕಾಯುವ ನಾಯಿಗೂ ಬೆಂಗಳೂರಿನ ಮನೆಯ ನಾಯಿಗೂ ಇದರಲ್ಲಿ ಭೇದವಿಲ್ಲ.