ತಿವರದ ಎಲೆ, ವಡಾಪಾವಿನ ಪಿಷ್ಟ

ಮುಂಬೈನ ಬಾಂದ್ರಾದ ಕಾರ್ಟರ್ ರೋಡಿನ ಕಡಲ ದಂಡೆಯಲ್ಲಿರುವ ಈ ಮ್ಯಾಂಗ್ರೋವ್ ಹಸಿರನ್ನು ನಮ್ಮ ಕರಾವಳಿಯವರು ಕಾಂಡ್ಲಾ ಎನ್ನುತ್ತಾರೆ. ಇಲ್ಲಿನ ಮುಖ್ಯ ಮರಕ್ಕೆ ಮರಾಠಿಯಲ್ಲಿ ತಿವರ ಎಂದು ಹೆಸರು.

ಎಲೆಗಳು ಬಿಸಿಲಿನ ಬಲದಿಂದ ನೀರು, ಇಂಗಾಲದ ಡೈಆಕ್ಸೈಡ್ ಕೂಡಿಸಿ ಸಕ್ಕರೆ ತಯಾರಿಸುತ್ತವೆ. ಗ್ಲೂಕೋಸ್ ಅಣುಗಳನ್ನು ಒಂದು ಬಗೆಯಲ್ಲಿ ಪೋಣಿಸಿದರೆ ಪಿಷ್ಟ, ಇನ್ನೊಂದು ಬಗೆಯಲ್ಲಿ ಪೋಣಿಸಿದರೆ ಸೆಲ್ಯುಲೋಸ್. ವಡಾಪಾವಿನ ಪಿಷ್ಟ ನಮಗೆ ಅರಗುತ್ತದೆ. ಈ ಕಾಂಡದ ಸೆಲ್ಯುಲೋಸ್ ಅರಗದು. ವ್ಯತ್ಯಾಸ ಬರೀ ಹೆಣಿಗೆಯದು!

ಸಕ್ಕರೆಯಿಂದ ಶಕ್ತಿ ಪಡೆಯಲು ಬೇರಿಗೂ ಆಮ್ಲಜನಕ ಬೇಕು. ಕೆಸರಿನಲ್ಲಿ ಅದು ಸಿಗುವುದೇ ಕಷ್ಟ. ಅದಕ್ಕೇ ಪೆನ್ಸಿಲ್ ನೆಟ್ಟಂತೆ ಮೇಲೆದ್ದಿವೆ ಉಸಿರುಬೇರುಗಳು. ಉದುರಿದ ಎಲೆಗಳು ಏಡಿಗಳಿಗೆ ಊಟ. ಮಿಕ್ಕಿದ್ದರಲ್ಲಿ ಒಂದು ಪಾಲು ಕೆಸರಿನಡಿ ಇಂಗಾಲವಾಗಿ ಉಳಿಯುತ್ತದೆ.

ಇಳಿತದ ಹೊತ್ತಿಗೆ ಬಂದರೆ ಈ ಬೇರುಗಳು ಚೆನ್ನಾಗಿ ಕಾಣುತ್ತವೆ. ದಯವಿಟ್ಟು ಪ್ಲಾಸ್ಟಿಕ್ ಎಸೆಯಬೇಡಿ, ಅವುಗಳ ಉಸಿರು ಕಟ್ಟುತ್ತದೆ.